ಬ್ಯಾಂಡ್ ಕಟ್ಟುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾಲ್ವರು ಗೆಳೆಯರು ಹನ್ನೆರಡಕ್ಕೆ ಹತ್ತು ಅಡಿಯ ಆರ್‌ಸಿಸಿ ಕೋಣೆಯಲ್ಲಿ ರಾಕ್ ಅಭ್ಯಾಸ ಮಾಡುತ್ತೇವೆ. ಹಾಡುವವನ ದನಿ ಕೇಳಿಸುವುದೇ ಇಲ್ಲ. ಮೈಕ್ ಏರಿಸಿದರೆ ಕುಂಯ್ ಎಂದು ಕೂಗುತ್ತದೆ. ದೊಡ್ಡ ಸ್ಪೀಕರ್ ತರಬೇಕೆ?
– ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಮೊದಲು ಗಾಯಕನೊಬ್ಬನೇ ಹಾಡಲಿ. ಮೈಕ್ ಕೂಗಲು ಶುರುವಾಗುವವರೆಗೆ ಏರಿಸಿ, ಅಲ್ಲಿಂದ ತುಸು ಇಳಿಸಿ. ನಿಮ್ಮ ಕೋಣೆಯ ಮಿತಿ ಅಷ್ಟೇ. ಡ್ರಮ್ಸ್, ಬೇಸ್, ಗಿಟಾರ್ ಎಲ್ಲವೂ ಅದರ ಕೆಳಗೇ ಇರಬೇಕು. ಸ್ಪೀಕರ್ ಗಾಯಕನ ಎದುರಿಗಿದ್ದು, ಮೈಕಿನ ಬೆನ್ನು ಅದರ ಕಡೆಗಿರಲಿ. ಹಾಡಿನ ಮೈಕುಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ಸದ್ದು ಕಡಿಮೆ ಕೇಳುತ್ತದೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣವೇ ಹೋಗಿ ಮತ್ತೆ ಕೂಗುತ್ತದೆ.

ಗಿಟಾರ್ ಆಂಪ್ (ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ) ನೆಲದ ಮೇಲಿದ್ದರೆ ಸದ್ದು ನುಡಿಸುವವನ ಮೊಣಕಾಲಿಗೆ ಹೋಗುತ್ತದೆ, ಅವನು ಕೇಳಿಸಲಿಲ್ಲವೆಂದು ಏರಿಸುತ್ತಲೇ ಇರುತ್ತಾನೆ. ಕುರ್ಚಿಯ ಮೇಲಿಟ್ಟು ಅವನ ಕಿವಿಯ ಕಡೆ ವಾಲಿಸಿ. ಸ್ನೇರ್ ಡ್ರಮ್ ಮೇಲೆ ತೆಳು ಟವೆಲ್ ಹಾಸಿ. ಡ್ರಮ್ಸ್ ಹಿಂದೆ ಮತ್ತು ಮೂಲೆಗಳಲ್ಲಿ ಹತ್ತಿಯ ಗಾದಿಗಳನ್ನು ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದರೆ ಮಾರ್ದನಿ ಇಳಿಯುತ್ತದೆ. ಆದರೆ ಸದ್ದು ಪಕ್ಕದ ಮನೆಗೆ ಹೋಗುವುದನ್ನು ಗಾದಿ ತಡೆಯದು. ಮೊಟ್ಟೆ ಟ್ರೇಗಳಿಂದಂತೂ ಹೆಚ್ಚು ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಹಾಡಿನ ಮೊದಲ ಸಾಲು ‘ಕಲ್ಲು ಕೋಟೆ ಸುತ್ತ ಗಾಳಿ’. ಓದಿದರೆ ಚೆನ್ನಾಗಿದೆ, ಹಾಡಿದರೆ ಎಳೆದಂತಾಗುತ್ತದೆ. ಏಕೆ?
– ಚಿತ್ರದುರ್ಗ

ಉತ್ತರ: ಮಾತ್ರೆ ಎಣಿಸಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ನಿಮ್ಮ ನಾಲ್ಕು ಪದಗಳಿಗೂ ಮೂರು ಮೂರೇ ಮಾತ್ರೆ. ಬಹುಶಃ ನಿಮ್ಮ ಡ್ರಮ್ಸ್ ನಾಲ್ಕರ ನಡೆಯಲ್ಲಿದೆ. ಉಳಿದ ಒಂದು ಮಾತ್ರೆ ತುಂಬಲು ಗಾಯಕ ‘ಕಲ್ಲೂ ಕೋಟೇ’ ಎನ್ನುತ್ತಾನೆ. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಕಿವಿ ತಕ್ಷಣ ಹಿಡಿಯುತ್ತದೆ. ಎಷ್ಟೋ ಕನ್ನಡ ರಾಕ್ ಹಾಡುಗಳು ಪರಭಾಷೆಯ ಹಾಡಿನಂತೆ ಕೇಳಲು ಇದೂ ಒಂದು ಕಾರಣ.

‘ಕಲ್ಲಿನ ಕೋಟೆಯ ಸುತ್ತಲು ಗಾಳಿ’ ಎಂದು ಹಾಡಿ ನೋಡಿ. ಮೂರು ಪದಕ್ಕೆ ನಾಲ್ಕು ನಾಲ್ಕು ಮಾತ್ರೆ, ‘ಗಾಳಿ’ಗೆ ಮೂರು, ಉಳಿದ ಒಂದರಲ್ಲಿ ಗಾಯಕನಿಗೆ ಉಸಿರು. ಮಾತ್ರೆಗೆ ಅರ್ಧ ಬೀಟ್ ಇಟ್ಟರೆ ಸಾಲು ಸರಿಯಾಗಿ ಎರಡು ಬಾರ್ (ನಾಲ್ಕು ಬೀಟಿನ ಒಂದು ಸುತ್ತಿಗೆ ಒಂದು ಬಾರ್). ಹಳೆಯ ಸಾಲೇ ಬೇಕೆಂದರೆ ಪದ ಹಾಗೇ ಬಿಟ್ಟು ತಾಳ ಬದಲಿಸಿ, ಆರೆಂಟರ (6/8) ತಾಳದಲ್ಲಿ ಅದು ಸಲೀಸಾಗಿ ಓಡುತ್ತದೆ. ಏಳೆಂಟರ (7/8) ತಾಳ ಇಷ್ಟವಿದ್ದವರು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಟ್ಟಿಯಾಗಿ ಓದಿ: ಮೂರು-ನಾಲ್ಕು, ಮೂರು-ನಾಲ್ಕು, ಮೊದಲ ಸಾಲಿಗೆ ಹದಿನಾಲ್ಕು ಮಾತ್ರೆ. ಇಷ್ಟು ಸೊಗಸಾದ ಏಳರ ನಡೆ ನಮ್ಮಲ್ಲೇ ಇರುವಾಗ ಹೊರಗೆ ಹುಡುಕುವುದೇಕೆ!

ಪ್ರಶ್ನೆ: ಅಭ್ಯಾಸ ಮುಗಿದ ಮೇಲೆ ಕಿವಿ ಗುಂಯ್ಗುಡುತ್ತದೆ. ಅಪಾಯವೆ?
– ಹರಿಹರ

ಉತ್ತರ: ಹೌದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬ ಲೆಕ್ಕದಲ್ಲಿ, ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ 15 ನಿಮಿಷವಷ್ಟೆ. ಸಣ್ಣ ಕೋಣೆಯ ಡ್ರಮ್ಸ್ ಅದನ್ನು ಸುಲಭವಾಗಿ ದಾಟುತ್ತದೆ. ಎಲ್ಲರೂ ಇಯರ್‌ಪ್ಲಗ್ ಹಾಕಿ. ಹತ್ತಿ ತುರುಕಿದರೆ ಸಾಲದು. ಗುಂಯ್‌ಗುಡುವುದು ಮರುದಿನವೂ ನಿಲ್ಲದಿದ್ದರೆ ಕಿವಿ ವೈದ್ಯರಿಗೆ ತೋರಿಸಿ.