ಸ್ಕ್ರೂಜ್ ಸುಮ್ನೆ ಪಾರಾದನಾ?

ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಓದಿ ನೀವು ಕೇಳಿದ್ದೀರಿ: ಅಷ್ಟು ಜಿಪುಣ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ಒಳ್ಳೆಯವನಾಗಿ ಪಾರಾಗಿಬಿಟ್ಟ, ಹಾಗಾದರೆ ಮಾಡಿದ್ದುಣ್ಣೋ ಮಹಾರಾಯ ಅನ್ನೋದು ಎಲ್ಲಿ ಹೋಯ್ತು ಅಂತ.

ನನಗೇನೋ ಅವನು ಪೂರ್ತಿ ಪಾರಾದ ಅನ್ನಿಸುವುದಿಲ್ಲ. ಮೊದಲು ಅವನ ಸತ್ತುಹೋದ ವ್ಯಾಪಾರದ ಪಾಲುದಾರ ಮಾರ್ಲಿಯ ದೆವ್ವ ನೋಡಿ. ಅದರ ಸೊಂಟಕ್ಕೆ ಸುತ್ತಿದ ಸರಪಳಿಯಲ್ಲಿ ಏನಿದೆ? ಹಣದ ಪೆಟ್ಟಿಗೆ, ಬೀಗ, ಬೀಗದ ಕೈ, ಲೆಕ್ಕದ ಪುಸ್ತಕ. ಯಾರೋ ಬಂದು ತೊಡಿಸಿದ್ದಲ್ಲ. ಬದುಕಿದ್ದಾಗ ತಾನೇ ಒಂದೊಂದು ಕೊಂಡಿ ಸೇರಿಸಿಕೊಂಡೆ ಅಂತ ಅದೇ ಹೇಳುತ್ತದೆ.

ನನ್ನನ್ನು ಜಾಸ್ತಿ ಚುಚ್ಚುವುದು ಇನ್ನೊಂದು ಜಾಗ. ಶುರುವಿನಲ್ಲಿ ಬಡವರಿಗಾಗಿ ಚಂದಾ ಕೇಳಲು ಬಂದವರ ಮುಂದೆ ಸ್ಕ್ರೂಜ್, ಸಾಯುವವರು ಸಾಯಲಿ, ಜನಸಂಖ್ಯೆಯಾದರೂ ಕಡಿಮೆಯಾಗುತ್ತೆ ಅಂದಿರುತ್ತಾನೆ. ಆಮೇಲೆ ತನ್ನ ಗುಮಾಸ್ತನ ಕಾಯಿಲೆಯ ಮಗ, ಪುಟ್ಟ ಟೈನಿ ಟಿಮ್ ಉಳಿಯುತ್ತಾನಾ ಅಂತ ಸ್ಕ್ರೂಜ್ ಕೇಳಿದಾಗ, ಮಾರ್ಲಿಯ ನಂತರ ಬರುವ ಮೂರು ದೆವ್ವಗಳಲ್ಲಿ ಎರಡನೆಯದು ಅದೇ ಮಾತನ್ನು ಅವನಿಗೇ ವಾಪಸ್ ಹೇಳುತ್ತದೆ. ಇವನು ತಲೆ ತಗ್ಗಿಸುತ್ತಾನೆ. ಆ ಹುಡುಗನ ಅಪ್ಪನಿಗೆ ವಾರಕ್ಕೆ ಬರೀ 15 ಶಿಲಿಂಗ್ ಸಂಬಳ ಕೊಡುತ್ತಿದ್ದವನೂ ಇವನೇ ಅಲ್ವಾ!

ಟಿಮ್ ಉಳಿದ, ನಿಜ. ಸೋದರಳಿಯನ ಮನೆಯಲ್ಲಿ ಊಟಕ್ಕೂ ಜಾಗ ಸಿಕ್ಕಿತು. ಆದರೆ ಹರೆಯದಲ್ಲಿ ಅವನನ್ನು ಮದುವೆಯಾಗಬೇಕಿದ್ದ ಬೆಲ್? ದುಡ್ಡಿನ ಹಿಂದೆ ಬಿದ್ದವನನ್ನು ಬಿಟ್ಟು ಹೋದ ಆ ಹುಡುಗಿ ಬೇರೆಯವರನ್ನು ಮದುವೆಯಾಗಿ ಮಕ್ಕಳ ಜೊತೆ ನಗುತ್ತಿರುತ್ತಾಳೆ. ಅದನ್ನು ತೋರಿಸಿದ ಮೊದಲ ದೆವ್ವವನ್ನು ಇನ್ನು ತೋರಿಸಬೇಡ ಅಂತ ಸ್ಕ್ರೂಜ್ ಬೇಡಿಕೊಳ್ಳುತ್ತಾನೆ. ಬೆಳಗಾದ ಮೇಲೆ ಅವನು ಟಿಮ್ ಮನೆಗೆ ಎಷ್ಟೇ ದೊಡ್ಡ ಟರ್ಕಿ ಕೋಳಿ ಕಳಿಸಿದರೂ ಅವಳು ಮಾತ್ರ ವಾಪಸ್ ಬರುವುದಿಲ್ಲ. ಎರಡನೇ ಅಧ್ಯಾಯದ ಕೊನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ.