ಲಿನಕ್ಸೋ ವಿಂಡೋಸೋ ಮ್ಯಾಕೋ: ಕುಮಟಾದ ಪ್ರಶ್ನೆಗೆ ಶಿರಸಿಯ ಅಂಗಡಿಯಿಂದ ಉತ್ತರ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕುಮಟಾದ ನಿಮ್ಮ ಮನೆಯಲ್ಲಿ 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಅದರಲ್ಲಿ ವಿಂಡೋಸ್ 10, ನಾಲ್ಕು ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಮಗಳು ಈ ವರ್ಷ ಬಿ.ಕಾಂ. ಸೇರುತ್ತಿದ್ದಾಳೆ. ಬೆಂಗಳೂರಿನಲ್ಲಿರುವ ತಮ್ಮ ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ, ಆದರೆ ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಹಾಕು ಎನ್ನುತ್ತಾನೆ, ಭಾವ ಸಾಲ ಮಾಡಿಯಾದರೂ ಆಪಲ್ ಕಂಪನಿಯ ಮ್ಯಾಕ್ ತೆಗೆದುಕೊ ಎನ್ನುತ್ತಾರೆ, ಪಕ್ಕದ ಮನೆಯವರು ವಿಂಡೋಸ್ ಬಿಟ್ಟರೆ ಕೆಟ್ಟಿರಿ ಎಂದು ಹೆದರಿಸುತ್ತಾರೆ. ಹಬ್ಬದ ಊಟಕ್ಕೆ ಕುಳಿತಾಗ ಈ ಮೂವರ ಮಾತು ಏರಿ ಎಲೆಯ ಮೇಲಿನ ಪಾಯಸ ಆರಿಹೋಯಿತು ಎಂದೂ ಬರೆದಿದ್ದೀರಿ. ಯಾರ ಮಾತು ಸರಿ, ಮತ್ತು ಓದಿದವರು ಒಂದು ಯಂತ್ರದ ವಿಷಯಕ್ಕೆ ಇಷ್ಟು ಕಾದಾಡುವುದೇಕೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ.

ನಾನು ಶಿರಸಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿಂದ ಕಂಪ್ಯೂಟರ್ ರಿಪೇರಿ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ಕಾದಾಟದಲ್ಲಿ ನಾನೂ ಒಂದು ಕಾಲಕ್ಕೆ ಟೊಂಕ ಕಟ್ಟಿ ನಿಂತವನು.

ಉಬುಂಟು ಎಂಬ ಲಿನಕ್ಸ್ ಮೊದಲು ಬಿಡುಗಡೆಯಾದದ್ದು 2004ರ ಅಕ್ಟೋಬರಿನಲ್ಲಿ. ಅದರ ನಂತರದ ಕೆಲವು ವರ್ಷ, ಕೇಳಿದವರ ಮನೆಗೆ ಅದರ ಸಿಡಿಯನ್ನು ಅಂಚೆಯ ಮೂಲಕ ಪುಕ್ಕಟೆಯಾಗಿ ಕಳುಹಿಸುತ್ತಿದ್ದರು. ಒಂದು ಸಿನಿಮಾ ಡೌನ್‌ಲೋಡ್ ಮಾಡಲು ಮೂರು ದಿನ ಬೇಕಾಗುತ್ತಿದ್ದ ಆ ದಿನಗಳಲ್ಲಿ ಪರದೇಶದಿಂದ ನನ್ನ ಹೆಸರು ಬರೆದು ಬಂದ ಆ ಲಕೋಟೆ ನನ್ನ ತಲೆ ತಿರುಗಿಸಿಬಿಟ್ಟಿತು. ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ಕಲಿತೆ. ಕಲಿತ ಮೇಲೆ ಸುಮ್ಮನಿರಲಾಗಲಿಲ್ಲ. ಹತ್ತಿರದ ಹಳ್ಳಿಯ ಒಂದು ಸಹಕಾರಿ ಸಂಘದ ಕಂಪ್ಯೂಟರಿಗೆ ವೈರಸ್ ಬಿದ್ದು ನನ್ನನ್ನು ಕರೆದಾಗ, ವೈರಸ್ ತೆಗೆಯುವ ಬದಲು ವಿಂಡೋಸನ್ನೇ ತೆಗೆದು ಲಿನಕ್ಸ್ ಹಾಕಿ, ಜಗತ್ತನ್ನು ಉದ್ಧಾರ ಮಾಡಿದವನಂತೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಅಲ್ಲಿದ್ದದ್ದು ಅಗ್ಗದ ಲೇಸರ್ ಪ್ರಿಂಟರ್. ಅಂಥ ಪ್ರಿಂಟರುಗಳು ಪುಟವನ್ನು ಚುಕ್ಕಿ ಚುಕ್ಕಿಯಾಗಿ ಸಿದ್ಧಪಡಿಸುವ ಕೆಲಸವನ್ನು ತಾವು ಮಾಡದೆ ಕಂಪ್ಯೂಟರಿಗೇ ಬಿಡುತ್ತವೆ. ಆ ಕೆಲಸ ಮಾಡುವ ಡ್ರೈವರ್ ಎಂಬ ಪ್ರೋಗ್ರಾಮನ್ನು ತಯಾರಕರು ವಿಂಡೋಸ್‌ಗೆ ಮಾತ್ರ ಬರೆದಿದ್ದರೆ ಲಿನಕ್ಸ್ ಎಷ್ಟೇ ಜಾಣನಾದರೂ ಪ್ರಿಂಟರ್ ಒಂದು ಕಾಗದವನ್ನೂ ಹೊರಗೆ ಹಾಕುವುದಿಲ್ಲ. ಅಂದು ಅಡಿಕೆಯ ಹಣ ಪಡೆಯಲು ಬಂದಿದ್ದ ಸದಸ್ಯರು ಗೋಡೆಗೆ ತಾಗಿಸಿದ ಬೆಂಚಿನ ಮೇಲೆ ಮಡಿಲಲ್ಲಿ ಕೊಡೆ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ನಾನು ಮಧ್ಯಾಹ್ನದವರೆಗೆ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಬಡಿಯುತ್ತಲೇ ಇದ್ದೆ. ಕಾರ್ಯದರ್ಶಿಗಳು ಬೈಯಲಿಲ್ಲ, ಚಹಾ ತರಿಸಿ ಕೊಟ್ಟು, "ನಾಳೆಗಾದ್ರೂ ಮೊದಲಿನ ಹಾಗೆ ಆಗ್ತದಾ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿಯೇ ವಿಂಡೋಸ್ ಮರಳಿ ಹಾಕಿದೆ.

ಬೆಂಚಿನ ಮೇಲಿದ್ದವರ ಮುಂದೆ ನಾನು ಸಮರ್ಥಿಸಿಕೊಳ್ಳುತ್ತಿದ್ದದ್ದು ಲಿನಕ್ಸನ್ನಲ್ಲ, ನಾನು ನಿದ್ದೆಗೆಟ್ಟ ಎರಡು ತಿಂಗಳನ್ನು. ನಿಮ್ಮ ತಮ್ಮನ ಆವೇಶದಲ್ಲಿಯೂ ಇಂಥ ಕೆಲವು ರಾತ್ರಿಗಳಿವೆ ಎಂದು ನನ್ನ ಊಹೆ. ಮ್ಯಾಕ್ ಹೊಗಳುವ ಭಾವನವರು ತಾವು ತೆತ್ತ ದುಡ್ಡನ್ನು ಸಮರ್ಥಿಸುತ್ತಿರಬಹುದು. ಪಕ್ಕದ ಮನೆಯವರ ಬೆರಳುಗಳಿಗೆ ಯಾವ ಕೆಲಸಕ್ಕೆ ಯಾವ ಗುಂಡಿ ಎಂಬುದು ವರ್ಷಗಟ್ಟಲೆಯ ರೂಢಿ. ಅದನ್ನು ಮರೆತು ಮತ್ತೆ ಅಆಇಈ ತಿದ್ದು ಎಂದರೆ ಯಾರಿಗಾದರೂ ಸಿಟ್ಟು ಬಂದೀತು. ಯಕ್ಷಗಾನದಲ್ಲಿ ಬಡಗು ಮೇಲೋ ತೆಂಕು ಮೇಲೋ ಎಂದು ಆಟ ಮುಗಿದ ಮೇಲೆ ಬೆಳಗಿನ ಚಹಾದಂಗಡಿಯಲ್ಲಿ ನಡೆಯುವ ವಾದವನ್ನು ನೀವೂ ಕೇಳಿರುತ್ತೀರಿ. ಅಲ್ಲಿಯೂ ಅಷ್ಟೆ, ತಾನು ಬಾಲ್ಯದಿಂದ ನಿದ್ದೆಗೆಟ್ಟು ನೋಡಿದ ತಿಟ್ಟನ್ನು ಕೀಳೆಂದು ಒಪ್ಪುವವರಿಲ್ಲ.

ಈ ಜಗಳ ಅಭಿಮಾನಿಗಳಿಂದ ಶುರುವಾದದ್ದೂ ಅಲ್ಲ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ 1991ರಲ್ಲಿ ಲಿನಕ್ಸನ್ನು ಹೊರಗೆ ಬಿಟ್ಟ. 1992ರ ಜನವರಿಯಲ್ಲೇ, ಬೋಧನೆಗೆಂದು ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಬರೆದಿದ್ದ ಪ್ರಾಧ್ಯಾಪಕ ಆಂಡ್ರೂ ಟನೆನ್‌ಬಾಮ್ ಲಿನಕ್ಸಿನ ಕಾಲ ಆಗಲೇ ಮುಗಿದಿದೆ ಎಂದು ಬಹಿರಂಗವಾಗಿ ಬರೆದರು. ತಿರುಳಾದ ಕರ್ನಲ್ ಚಿಕ್ಕದಾಗಿರಬೇಕು, ಡಿಸ್ಕು, ಕಡತ ಮುಂತಾದವುಗಳ ಕೆಲಸ ಹೊರಗಿನ ಬೇರೆ ಬೇರೆ ಪ್ರೋಗ್ರಾಮುಗಳ ಪಾಲಿಗಿರಬೇಕು ಎಂಬುದು ಅವರ ವಾದ. ಲಿನಕ್ಸಿನಲ್ಲಿ ಎಲ್ಲವೂ ಕರ್ನಲ್ಲಿನ ಒಂದೇ ಸೂರಿನ ಕೆಳಗಿತ್ತು. ಟೊರ್ವಾಲ್ಡ್ಸ್ ಖಾರವಾಗಿ ಉತ್ತರಿಸಿ ಆಮೇಲೆ ಕ್ಷಮೆಯನ್ನೂ ಕೇಳಿದ. ಲಿನಕ್ಸ್ ಮುಂದೆ ಎಷ್ಟು ಬೆಳೆಯಿತೆಂದರೆ, ಅದರ ಹೆಸರೆತ್ತಿದರೆ ಮೂಗು ಮುರಿಯುವ ನಿಮ್ಮ ಪಕ್ಕದ ಮನೆಯವರ ಕಿಸೆಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರೊಳಗಿರುವುದೂ ಲಿನಕ್ಸ್ ಕರ್ನಲ್ಲೇ. ಸೋತಿತೆನ್ನಲಾದ ಮಿನಿಕ್ಸೂ ಸತ್ತಿಲ್ಲ. ಇಂಟೆಲ್ ಕಂಪನಿ ತನ್ನ ಚಿಪ್‌ಗಳ ಒಳಗೆ ಆಡಳಿತದ ಕೆಲಸಕ್ಕೆಂದು ಅದನ್ನೇ ಅಡಗಿಸಿಟ್ಟಿದೆ ಎಂಬುದು 2017ರಲ್ಲಿ ಹೊರಬಿತ್ತು, ತನಗೂ ಹೇಳಿರಲಿಲ್ಲವೆಂದು ಟನೆನ್‌ಬಾಮ್ ಕಂಪನಿಗೆ ಬಹಿರಂಗ ಪತ್ರ ಬರೆದರು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಕಾಲದ ಇಂಟೆಲ್ ಚಿಪ್ ಇದ್ದರೆ, ಮೇಲೆ ಯಾವ ವ್ಯವಸ್ಥೆ ಕುಳಿತರೂ ಕೆಳಗೆ ಮಿನಿಕ್ಸ್ ತನ್ನ ಪಾಡಿಗೆ ನಡೆಯುತ್ತಿರುವ ಸಂಭವವೇ ಹೆಚ್ಚು.

ಇನ್ನು ನಿಮ್ಮ ತಮ್ಮ ಮತ್ತು ಭಾವನವರದು ಅಪ್ಪಟ ದಾಯಾದಿ ಮತ್ಸರ. ಮ್ಯಾಕ್‌ನ ವಂಶಾವಳಿ ನೆಕ್ಸ್ಟ್ ಕಂಪನಿಯ ಮೂಲಕ ಬಿಎಸ್‌ಡಿ ಯೂನಿಕ್ಸ್ ಎಂಬ ಹಳೆಯ ವ್ಯವಸ್ಥೆಗೆ ಹೋಗಿ ಮುಟ್ಟುತ್ತದೆ. 2007ರ ಮ್ಯಾಕ್ ಆವೃತ್ತಿಗೆ ಯೂನಿಕ್ಸ್ ಎಂಬ ಅಧಿಕೃತ ಪ್ರಮಾಣಪತ್ರವೇ ಸಿಕ್ಕಿದೆ. ಲಿನಕ್ಸ್ ಆ ಮನೆಯಲ್ಲಿ ಹುಟ್ಟಿದ್ದಲ್ಲ, ಆ ಮನೆಯ ನಡೆನುಡಿಯನ್ನು ನೋಡಿ ಕಲಿತದ್ದು. ಲಿನಕ್ಸನ್ನು 2001ರಲ್ಲಿ ಕ್ಯಾನ್ಸರಿಗೆ ಹೋಲಿಸಿದ್ದವರು ಮೈಕ್ರೋಸಾಫ್ಟಿನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್. 2016ರಿಂದ ಅದೇ ಕಂಪನಿ ವಿಂಡೋಸಿನ ಒಳಗೇ ಲಿನಕ್ಸ್ ನಡೆಸುವ ವ್ಯವಸ್ಥೆಯನ್ನು ಕೊಡುತ್ತಿದೆ. ಯಜಮಾನರು ರಾಜಿಯಾದರು, ಕಾದಾಟ ಉಳಿದದ್ದು ಆಳುಗಳಿಗೆ.

ಈಗ ಯಾವುದು ಮೇಲು ಎಂಬ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಜೂನ್ ಹಿಡಿದರೆ ಕರೆಂಟ್ ಇರುವುದಕ್ಕಿಂತ ಹೋಗುವುದೇ ಹೆಚ್ಚು ಎಂದು ನಿಮಗೆ ಹೇಳಬೇಕಾಗಿಲ್ಲ. ವಿಂಡೋಸ್ 98ರ ಕಾಲದಲ್ಲಿ ಕರೆಂಟ್ ಹೋಗಿ ಬಂದರೆ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕ್ ಎಂಬ ಡಿಸ್ಕಿನ ತಪಾಸಣೆ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿತ್ತು. ಕೆಲವೊಮ್ಮೆ ಇಡೀ ಕಡತವೇ ಹೋಗಿರುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ಎನ್‌ಟಿಎಫ್‌ಎಸ್ ಎಂಬ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ ಮನೆಮನೆಗೆ ಬಂತು, ಅದೇ ವರ್ಷ ಲಿನಕ್ಸಿಗೆ ಅಂಥದ್ದೇ ಆದ ಇಎಕ್ಸ್‌ಟಿ3 ಸೇರಿತು. ಎರಡೂ ಮಾಡುವುದು ಒಂದೇ: ಡಿಸ್ಕಿನ ಖಾತೆಯನ್ನು ತಿದ್ದುವ ಮೊದಲು ಏನು ತಿದ್ದಲಿದ್ದೇನೆ ಎಂದು ಕಿರ್ದಿಯಲ್ಲಿ ಗುರುತು ಹಾಕಿಕೊಳ್ಳುವುದು. ನಡುವೆ ಕರೆಂಟ್ ಹೋದರೆ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಿಕೊಳ್ಳುತ್ತವೆ. ನಿಮ್ಮ ಮಗಳಿಗೆ ಇದು ನಿಮಗಿಂತ ಬೇಗ ಅರ್ಥವಾದೀತು. ಮ್ಯಾಕ್‌ಗೂ ಇದು ಮರುವರ್ಷ ಬಂತು. ಹಾಗಾಗಿ ಈ ವಿಷಯದಲ್ಲಿ ಕಾದಾಡುವವರು ಹಳೆಯ ಲೆಕ್ಕವನ್ನೇ ಓದುತ್ತಿದ್ದಾರೆ.

ಲಿನಕ್ಸ್ ನಿಜವಾಗಿ ಮೇಲಾಗುವ ಒಂದು ಜಾಗವನ್ನು ನನ್ನ ಅಂಗಡಿಯಲ್ಲಿಯೇ ತೋರಿಸಬಲ್ಲೆ. ಪ್ರಾಜೆಕ್ಟ್ ಪ್ರಿಂಟಿಗೆ ಬರುವ ವಿದ್ಯಾರ್ಥಿಗಳ ಪೆನ್‌ಡ್ರೈವ್‌ಗಳನ್ನು ನಾನು ಮೂಲೆಯಲ್ಲಿರುವ ಒಂದು ಹಳೆಯ ಲಿನಕ್ಸ್ ಯಂತ್ರಕ್ಕೇ ಮೊದಲು ಚುಚ್ಚುವುದು. ಶಾರ್ಟ್‌ಕಟ್ ವೈರಸ್ ಬಿದ್ದ ಪೆನ್‌ಡ್ರೈವಿನಲ್ಲಿ ಅಸಲಿ ಫೋಲ್ಡರುಗಳು ಮರೆಯಾಗಿ, ಅವುಗಳ ಹೆಸರನ್ನೇ ಹೊತ್ತ ನಕಲಿ ಶಾರ್ಟ್‌ಕಟ್‌ಗಳು ಕುಳಿತಿರುತ್ತವೆ. ವಿಂಡೋಸಿನಲ್ಲಿ ಅದನ್ನು ಒತ್ತಿದರೆ ರೋಗ ಅಂಟಿತು. ವಿಂಡೋಸ್ ಹಾಕುವ ಆ ‘ಮರೆ’ಯ ಗುರುತನ್ನು ಲಿನಕ್ಸ್ ಲೆಕ್ಕಕ್ಕೇ ತೆಗೆದುಕೊಳ್ಳದೆ ಅಸಲಿ ಫೋಲ್ಡರುಗಳನ್ನು ಎದುರಿಗಿಡುತ್ತದೆ, ನಕಲಿಯನ್ನು ಒತ್ತಿದರೂ ಅಲ್ಲಿ ಅದು ಓಡುವುದಿಲ್ಲ. ಎಲ್ಲ ಹೋಯಿತೆಂದು ಕಣ್ಣಲ್ಲಿ ನೀರು ತುಂಬಿಕೊಂಡು ಬಂದ ಹುಡುಗಿಗೆ ಅವಳ ನಲವತ್ತು ಪುಟದ ಪ್ರಾಜೆಕ್ಟನ್ನು ಅರ್ಧ ನಿಮಿಷದಲ್ಲಿ ತೆರೆದು ತೋರಿಸಿದ್ದುಂಟು.

ಹಾಗೆಯೇ ಲಿನಕ್ಸಿನ ಮೇಲೆ ವೃಥಾ ಹೊರಿಸುವ ಒಂದು ಆರೋಪವೂ ಇದೆ: ಅದರಲ್ಲಿ ಕನ್ನಡ ಬರುವುದಿಲ್ಲ ಎಂಬುದು. ಹಳೆಯ ನುಡಿ ಫಾಂಟಿನಲ್ಲಿ ಬರೆದ ಮದುವೆ ಕರೆಯೋಲೆಯನ್ನು ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ, ‘ಕನ್ನಡ’ ಎಂಬ ಪದವಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಹಣದ ಚಿಹ್ನೆ ಎಲ್ಲ ಸಾಲುಗಟ್ಟಿ ನಿಂತಿರುತ್ತವೆ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದರಿಂದ ಆಗುವ ಅನಾಹುತವಿದು. ಫಾಂಟ್ ಇಲ್ಲದಿದ್ದರೆ ವಿಂಡೋಸಿನಲ್ಲೂ ಇದೇ ಗತಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ, ಆದ್ದರಿಂದ ಯೂನಿಕೋಡಿನಲ್ಲಿ ಬರೆದದ್ದು ಮೂರರಲ್ಲಿಯೂ ಒಂದೇ ರೀತಿ ತೆರೆದುಕೊಳ್ಳುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಲಿನಕ್ಸಿನ ಸೆಟ್ಟಿಂಗಿನಲ್ಲಿಯೇ ಸಿಗುತ್ತದೆ, ಬೇರೇನನ್ನೂ ಹಾಕಿಕೊಳ್ಳಬೇಕಾಗಿಲ್ಲ.

ಮ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಕೊನೆಯಿಂದ ಆಪಲ್ ತನ್ನದೇ ಚಿಪ್ ಹಾಕತೊಡಗಿದ ಮೇಲೆ ಅದರ ಬ್ಯಾಟರಿ ಬಾಳುವ ಪರಿ ಹೊಟ್ಟೆಕಿಚ್ಚು ಪಡುವಂಥದ್ದು, ದಿನವಿಡೀ ಕರೆಂಟ್ ಇಲ್ಲದ ಊರಿಗೆ ಅದು ಸಣ್ಣ ಮಾತಲ್ಲ. ಆದರೆ ಅದರ ರ‍್ಯಾಮ್ ಬಿಚ್ಚಿ ಬದಲಿಸುವಂಥದ್ದಲ್ಲ, ಕೆಟ್ಟರೆ ನಾನು ಮುಟ್ಟುವವನೂ ಅಲ್ಲ. ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಗೋ ಬೆಂಗಳೂರಿಗೋ ಒಯ್ಯಬೇಕು. ಕೆಟ್ಟಾಗ ಕೈಗೆ ಸಿಗುವವನು ಯಾರು ಎಂಬುದನ್ನು ನಾನು ಯಂತ್ರದ ಗುಣಗಳಲ್ಲಿ ಮೊದಲನೆಯದೆಂದು ಎಣಿಸುತ್ತೇನೆ. ಕರಾವಳಿಯ ಉಪ್ಪುಗಾಳಿಗೆ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿ ಪರದೆಯೇ ಬಾರದಿದ್ದಾಗ, ಪೆನ್ಸಿಲ್ ರಬ್ಬರಿನಿಂದ ನಾಲ್ಕು ಬಾರಿ ಉಜ್ಜಿ ಕೂರಿಸಿದರೆ ಸಾಕಾಗುವ ಎಷ್ಟೋ ಯಂತ್ರಗಳನ್ನು ನಾನು ಕಂಡಿದ್ದೇನೆ. ಮಾಲೀಕರು ಅಷ್ಟರಲ್ಲಿ ವಿಂಡೋಸನ್ನು ಮನಸಾರೆ ಬೈದಿರುತ್ತಾರೆ.

ನಿಮ್ಮ ಲ್ಯಾಪ್‌ಟಾಪ್ ವಿಷಯ. ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯ ಪ್ರೊಸೆಸರಾದರೂ ಇರಬೇಕು. 2017ರ ಯಂತ್ರ ಬಹುಮಟ್ಟಿಗೆ ಆ ಹೊಸ್ತಿಲು ದಾಟುವುದಿಲ್ಲ. ಹಾಗೆಂದು ಅದನ್ನು ಎಸೆಯಬೇಡಿ. ಮೊದಲು ಹಾರ್ಡ್ ಡಿಸ್ಕ್ ತೆಗೆಸಿ ಅದರ ಜಾಗಕ್ಕೆ ಹೆಚ್ಚು ವೇಗದ ಎಸ್‌ಎಸ್‌ಡಿ ಹಾಕಿಸಿ, ಜಾಗವಿದ್ದರೆ ರ‍್ಯಾಮನ್ನು ಎಂಟು ಜಿಬಿ ಮಾಡಿಸಿ. ಎಸ್‌ಎಸ್‌ಡಿ ಹಾಕಿದ ದಿನವೇ ಲಿನಕ್ಸನ್ನೂ ಹಾಕಿ, ಬಂದ ವೇಗವನ್ನೆಲ್ಲ ಲಿನಕ್ಸಿನ ಖಾತೆಗೆ ಜಮಾ ಮಾಡುವವರನ್ನು ನಾನು ಬಲ್ಲೆ. ನಿಮ್ಮ ತಮ್ಮ ಅವರಲ್ಲೊಬ್ಬರಾಗಿದ್ದರೆ ಆಶ್ಚರ್ಯವಿಲ್ಲ.

ಬಿ.ಕಾಂ. ಎಂದಮೇಲೆ ಲೆಕ್ಕಪತ್ರ ಬರೆಯುವ ಟ್ಯಾಲಿ ಪ್ರೋಗ್ರಾಮು ಬಂದೇ ಬರುತ್ತದೆ, ಟ್ಯಾಲಿ ವಿಂಡೋಸಿಗೆಂದು ಮಾಡಿದ್ದು. ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರಿಂದ ಎಲ್ಲವೂ ಲಿನಕ್ಸೇ ಎಂದು ತಮ್ಮ ಹೇಳಿದರೆ ಅದು ಸತ್ಯ, ಆದರೆ ಅದರಿಂದ ಮಗಳ ಟ್ಯಾಲಿಗೆ ಆಗುವ ಉಪಕಾರವೇನೂ ಇಲ್ಲ. ಆದ್ದರಿಂದ ಹೊಸ ಡಿಸ್ಕನ್ನು ಎರಡು ಪಾಲು ಮಾಡಿಸಿ. ಒಂದರಲ್ಲಿ ವಿಂಡೋಸ್ 10 ಇರಲಿ, ಅದನ್ನು ಇಂಟರ್ನೆಟ್ಟಿಗೆ ಸೇರಿಸದೆ ಟ್ಯಾಲಿಯ ಅಭ್ಯಾಸಕ್ಕೆ ಮಾತ್ರ ಬಳಸಲಿ. ಪರವಾನಗಿ ಕೊಳ್ಳದೆಯೂ ವಿದ್ಯಾರ್ಥಿಗಳ ಬಳಕೆಯ ರೀತಿಯಲ್ಲಿ ಟ್ಯಾಲಿಯನ್ನು ನಡೆಸಬಹುದು, ತಿಂಗಳ 1, 2 ಮತ್ತು 31ನೆಯ ತಾರೀಕುಗಳನ್ನಷ್ಟೇ ಅದು ಒಪ್ಪುತ್ತದೆ, ಕಲಿಯಲು ಅಷ್ಟು ಸಾಕು. ಇನ್ನೊಂದರಲ್ಲಿ ಲಿನಕ್ಸ್ ಹಾಕಿ ಇಂಟರ್ನೆಟ್, ಬರವಣಿಗೆ, ಆನ್‌ಲೈನ್ ಪಾಠ ಎಲ್ಲವನ್ನೂ ಅಲ್ಲಿ ನಡೆಸಲಿ. ಹಾಕಿಸುವ ಮೊದಲು ಒಂದು ವಾರ ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ವೈಫೈ ಹಿಡಿಯುತ್ತದೆಯೇ, ಮನೆಯ ಪ್ರಿಂಟರಿನಿಂದ ಕಾಗದ ಹೊರಬರುತ್ತದೆಯೇ ಎಂದು ನೋಡಿಕೊಳ್ಳಿ. ಆ ಸಂಘದ ಬೆಂಚನ್ನು ನೆನೆದು ಈ ಮಾತನ್ನು ಬರೆಯುತ್ತಿದ್ದೇನೆ.

ಇನ್ನೊಂದು ಕೆಲಸ ಬಾಕಿಯಿದೆ. ಮಗಳ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಯಂತ್ರ ಮುನಿಸಿಕೊಂಡರೆ ಫೋನ್ ಎತ್ತುತ್ತೀಯಾ ಎಂದು ತಮ್ಮನನ್ನು ಈಗಲೇ ಕೇಳಿಬಿಡಿ. ಅವರು ತಡವರಿಸಿದರೆ ಲಿನಕ್ಸಿನ ಪಾಲನ್ನು ಸದ್ಯಕ್ಕೆ ಕೈಬಿಟ್ಟು, ವಿಂಡೋಸ್ 10ಕ್ಕೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡು, ಅದರ ಅವಧಿ ಮುಗಿಯುವಷ್ಟರಲ್ಲಿ ಹೊಸ ಯಂತ್ರಕ್ಕೆ ದುಡ್ಡು ಕೂಡಿಡಿ.