ಬಳಸಿದ ಅಣು ಇಂಧನ ಎಷ್ಟು ಕಾಲ ಊರ ಪಕ್ಕದಲ್ಲಿರುತ್ತದೆ?

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆಂಬ ಸುದ್ದಿಯಿದೆ. ಬಳಸಿದ ಇಂಧನವನ್ನು ತಾತ್ಕಾಲಿಕವಾಗಿ ಸ್ಥಾವರದ ಆವರಣದಲ್ಲೇ ಇಡುತ್ತಾರಂತೆ. ಇದರಿಂದ ತುಂಗಭದ್ರೆಗೂ ನಮ್ಮ ಬೋರ್‌ವೆಲ್‌ಗಳಿಗೂ ಅಪಾಯವಿದೆಯೇ?
– ಓದುಗರೊಬ್ಬರು, ಕೊಪ್ಪಳ ತಾಲ್ಲೂಕು

ಉತ್ತರ: ಆವರಣದಲ್ಲೇ ಇಡುವುದು ನಿಜ, ಮೊದಲ ಕೆಲವು ವರ್ಷಗಳಿಗೆ ಬೇರೆ ದಾರಿಯೂ ಇಲ್ಲ. ಕೈಗಾದಂತಹ ಭಾರಜಲ ಸ್ಥಾವರದಲ್ಲಿ ಇಂಧನದ ಒಂದು ಕಟ್ಟು ಮೊಳಕ್ಕಿಂತ ತುಸು ಉದ್ದವಿದ್ದು, ಅದರಲ್ಲಿ 19 ಸಣ್ಣ ಕೊಳವೆಗಳಿರುತ್ತವೆ. ರಿಯಾಕ್ಟರಿನಿಂದ ಹೊರಬಂದ ಮೇಲೂ ಅದು ಶಾಖ ಮತ್ತು ವಿಕಿರಣ ಸೂಸುತ್ತಲೇ ಇರುವುದರಿಂದ ಸ್ಥಾವರದೊಳಗಿನ ಕೊಳದಲ್ಲಿ ಹಲವು ಮೀಟರ್ ನೀರಿನಡಿ ಮುಳುಗಿಸಿಡಬೇಕಾಗುತ್ತದೆ.

ಇಂಧನ ಗಟ್ಟಿ ಪದಾರ್ಥವಾದ್ದರಿಂದ ತಾನಾಗಿ ಹರಿದು ನದಿ ಸೇರುವುದಿಲ್ಲ. ಚಿಂತಿಸಬೇಕಾದದ್ದು ಕೊಳದ ನೀರು ಸೋರುವ ಬಗ್ಗೆ ಮತ್ತು ಅದನ್ನು ತಂಪಾಗಿಡುವ ಪಂಪುಗಳು ವಿದ್ಯುತ್ತಿಲ್ಲದೆ ನಿಲ್ಲುವ ಬಗ್ಗೆ. 2011ರಲ್ಲಿ ಸುನಾಮಿ ಬಡಿದಾಗ ಜಪಾನಿನ ಫುಕುಶಿಮಾ ಅಣು ಸ್ಥಾವರದ 4ನೇ ಘಟಕದ ಕೊಳ ಬತ್ತಿಹೋಗಬಹುದೆಂಬ ಭೀತಿ ಹುಟ್ಟಿತ್ತು. ಪುಣ್ಯಕ್ಕೆ ನೀರು ಉಳಿದಿತ್ತು. ಅದೇ ಆವರಣದಲ್ಲಿ, ಅದೇ ಸುನಾಮಿಗೆ ಸಿಕ್ಕಿದರೂ, ಗಾಳಿಯಿಂದಲೇ ತಂಪಾಗುವ ಉಕ್ಕಿನ ಒಣ ಪೀಪಾಯಿಗಳಲ್ಲಿದ್ದ ಇಂಧನ ಸುರಕ್ಷಿತವಾಗಿತ್ತು. ಆದ್ದರಿಂದ ಸಾಕಷ್ಟು ತಣಿದ ಇಂಧನವನ್ನು ಕೊಳದಲ್ಲೇ ತುಂಬುತ್ತ ಹೋಗುವುದಕ್ಕಿಂತ ಒಣ ಪೀಪಾಯಿಗೆ ಸಾಗಿಸುವುದು ಲೇಸೆಂಬುದು ನನ್ನ ಅಭಿಪ್ರಾಯ.

ತಂತ್ರಜ್ಞಾನಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುವುದು ಗಡುವಿನ ವಿಚಾರ. ಅಮೆರಿಕದ ಸರ್ಕಾರ 1982ರ ಕಾಯ್ದೆಯಂತೆ 1998ರಿಂದ ಇಂಧನವನ್ನು ತಾನೇ ಒಯ್ಯಬೇಕಿತ್ತು. ಅದು ಇಂದಿಗೂ ಸ್ಥಾವರಗಳ ಅಂಗಳದಲ್ಲೇ ಕುಳಿತಿದೆ. ನಮ್ಮ ದೇಶ ಬಳಸಿದ ಇಂಧನವನ್ನು ಸಂಪನ್ಮೂಲವೆಂದು ಪರಿಗಣಿಸಿ ತಾರಾಪುರ, ಕಲ್ಪಾಕ್ಕಂಗಳಲ್ಲಿ ಮರುಸಂಸ್ಕರಿಸುತ್ತದೆಯಾದರೂ, ಆಮೇಲೆ ಉಳಿಯುವ ತೀವ್ರ ವಿಕಿರಣದ ತ್ಯಾಜ್ಯವನ್ನು ಶಾಶ್ವತವಾಗಿ ಹೂಳುವ ತಾಣ ಇನ್ನೂ ಸಿದ್ಧವಾಗಿಲ್ಲ. 2012ರಲ್ಲಿ ಕೋಲಾರದ ಚಿನ್ನದ ಗಣಿಗಳ ಹೆಸರು ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂದಾಗ ಅಲ್ಲಿನ ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಕೂಡಂಕುಳಂ ಇಂಧನ ಸಂಗ್ರಹಾಗಾರದ ಬಗ್ಗೆ 2019ರ ಜುಲೈನಲ್ಲಿ ನಡೆಯಬೇಕಿದ್ದ ಅಹವಾಲು ಸಭೆಯೂ ವಿರೋಧದ ನಡುವೆ ಮುಂದೂಡಲ್ಪಟ್ಟಿತು. ಶಕ್ತಿನಗರ, ಕುಡತಿನಿಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬೂದಿ ಹೊಂಡ ಕಂಡ ನಮ್ಮ ಭಾಗದವರಿಗೆ, ‘ಆಮೇಲೆ ಸಾಗಿಸುತ್ತೇವೆ’ ಎಂಬ ಬಾಯಿಮಾತು ಸಾಲದು.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಣು ಸ್ಥಾವರಕ್ಕೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಕೊಳದಲ್ಲಿ ಗರಿಷ್ಠ ಎಷ್ಟು ಇಂಧನ, ಎಷ್ಟು ವರ್ಷ, ನಂತರ ಯಾವ ಮಾರ್ಗವಾಗಿ ಎಲ್ಲಿಗೆ ಎಂಬುದನ್ನು ಅಲ್ಲಿ ಲಿಖಿತವಾಗಿ ಕೇಳಿ. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ನೀರನ್ನು ಕಾಮಗಾರಿಗೆ ಮೊದಲೇ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಬೇಕೆಂದೂ ಒತ್ತಾಯಿಸಿ. ಮೊದಲೇ ಫ್ಲೋರೈಡ್ ಕಾಟವಿರುವ ಈ ಜಿಲ್ಲೆಯಲ್ಲಿ, ಆ ದಾಖಲೆಯಿಲ್ಲದೆ ಮುಂದೆ ಯಾವ ದೂರೂ ನಿಲ್ಲಲಾರದು.